ಅಪ್ಪ ದುಡಿದ ಹಡಗಿಗೊಂದು ಪಟ

ನಮ್ಮವರ ಮನೆಯ ಗೋಡೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಸಿಡ್ನಿಯ ದಿ ಪಾಂಡ್ಸ್ ಇರಲಿ, ಮೆಲ್ಬರ್ನಿನ ಯಾವುದೇ ಬಡಾವಣೆ ಇರಲಿ, ಕನ್ನಡದವರ ಮನೆ ಎಂದರೆ ಮೈಸೂರು ಶೈಲಿಯ ಒಂದು ಚಿತ್ರ, ಯಕ್ಷಗಾನದ ಒಂದು ಮುಖವಾಡ, ಅಜ್ಜ ಅಜ್ಜಿಯರ ಕಪ್ಪು ಬಿಳುಪು ಫೋಟೋ ಇದ್ದೇ ಇರುತ್ತವೆ. ಹಡಗಿನ ಚಿತ್ರ ಮಾತ್ರ ಅಪರೂಪ. ನಮಗೂ ಹಡಗಿಗೂ ಸಂಬಂಧವೇ ಇಲ್ಲವೇ? ಕಾರವಾರ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು ಕಡೆಯ ಯಾರನ್ನಾದರೂ ಕೇಳಿ ನೋಡಿ. ಮನೆತನದಲ್ಲಿ ಒಬ್ಬರಾದರೂ 'ಶಿಪ್ಪಿನಲ್ಲಿದ್ದವರು' ಸಿಗುತ್ತಾರೆ. ಅಪ್ಪನೋ, ದೊಡ್ಡಪ್ಪನೋ, ಸೋದರಮಾವನೋ ವರ್ಷಕ್ಕೊಮ್ಮೆ ಊರಿಗೆ ಬಂದು, ಪೆಟ್ಟಿಗೆ ತುಂಬ ಪರದೇಶದ ಸಾಮಾನು ತಂದು, ಮತ್ತೆ ಮಾಯವಾಗುತ್ತಿದ್ದವರು. ಅವರ ಮದುವೆಯ ಫೋಟೋ ಇದೆ. ಜೀವಮಾನದ ಹೆಚ್ಚಿನ ಪಾಲು ಅವರು ಕಳೆದ ಹಡಗಿನ ಚಿತ್ರ ಇಲ್ಲ.

ನಮ್ಮ ದಿ ಪಾಂಡ್ಸ್‌ನ ಹೆಸರಿನಲ್ಲಿ ಕೊಳ ಉಂಟು, ಕಡಲಿಲ್ಲ. ಆದರೂ ನಾವಿರುವ ಈ ಎರಡು ನಗರಗಳೂ ಹಡಗುಗಳಿಂದಲೇ ಹುಟ್ಟಿದವು. ಆದ್ದರಿಂದಲೇ ಒಂದು ಹಳೆಯ ಕಸುಬು ಇಲ್ಲಿ ಇಂದಿಗೂ ಉಸಿರಾಡುತ್ತಿದೆ. ನಿಮಗೆ ಬೇಕಾದ ಹಡಗನ್ನು ನೀವು ಹೇಳಿದಂತೆ, ನೀವು ಹೇಳಿದ ದಿನ ಅದು ಹೇಗಿತ್ತೋ ಹಾಗೆ, ಕೈಯಿಂದ ಬರೆದುಕೊಡುವ ಕಡಲ ಚಿತ್ರಕಾರರ ಕಸುಬು ಅದು. ಈ ವರ್ಗದ ಚಿತ್ರಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು 'ಶಿಪ್ ಪೋರ್ಟ್ರೇಟ್', ಅಂದರೆ ಹಡಗಿನ ಭಾವಚಿತ್ರ. ಮನುಷ್ಯರಿಗೆ ಭಾವಚಿತ್ರ ಇದ್ದ ಹಾಗೆ ಹಡಗಿಗೂ ಒಂದು. ಈ ಹೆಸರಿನಲ್ಲೇ ಎಲ್ಲ ಗುಟ್ಟೂ ಇದೆ. ಸಮುದ್ರದ ದೃಶ್ಯ ಯಾರು ಬೇಕಾದರೂ ಬರೆಯಬಹುದು. ಭಾವಚಿತ್ರ ಮಾತ್ರ ಗುರುತು ಸಿಗುವಂತಿರಬೇಕು. ಗುರುತು ಹಿಡಿಯಬಲ್ಲವರು ಆ ಹಡಗಿನಲ್ಲಿ ದುಡಿದವರು.

ರಾಜರು ಬರೆಸಿದ್ದು, ನಾವಿಕರು ಆಕ್ಷೇಪಿಸಿದ್ದು

ಹಡಗಿನ ಚಿತ್ರಕ್ಕೆ ಸಂಬಳ ಕೊಟ್ಟು ಚಿತ್ರಕಾರರನ್ನು ಇಟ್ಟುಕೊಂಡ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಯದು. ಹಾಲೆಂಡಿನಿಂದ ಬಂದ ವಿಲ್ಲೆಮ್ ವಾನ್ ಡ ವೆಲ್ಡ ಎಂಬ ಒಂದೇ ಹೆಸರಿನ ತಂದೆ ಮಗ ಇಬ್ಬರಿಗೂ 1674ರಲ್ಲಿ ಅವನು ವರ್ಷಕ್ಕೆ ತಲಾ 100 ಪೌಂಡ್ ಸಂಬಳ ಗೊತ್ತು ಮಾಡಿದ. ಕೆಲಸ ಹಂಚಿಕೆಯೂ ಆದೇಶದಲ್ಲೇ ಇತ್ತು. ಕಡಲ ಕಾಳಗಗಳ ರೇಖಾಚಿತ್ರ ಮಾಡುವುದು ತಂದೆಯ ಕೆಲಸ, ಅವಕ್ಕೆ ಬಣ್ಣ ತುಂಬುವುದು ಮಗನ ಕೆಲಸ. ತಂದೆ ಸಣ್ಣ ದೋಣಿಯಲ್ಲಿ ಯುದ್ಧದ ಹತ್ತಿರಕ್ಕೇ ಹೋಗಿ ಗೆರೆ ಎಳೆದುಕೊಂಡು ಬರುತ್ತಿದ್ದವನು. ಕಣ್ಣಾರೆ ಕಂಡದ್ದು ಮೊದಲು, ಬಣ್ಣ ಆಮೇಲೆ. ಈ ಕಸುಬಿನ ನಿಯಮ ಇಂದಿಗೂ ಇದೇ.

ಈ ನಿಯಮವನ್ನು ಸಡಿಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಮಹಾ ಚಿತ್ರಕಾರ ಟರ್ನರ್‌ನ ಕಥೆ ಸಾಕು. ನಾಲ್ಕನೇ ಜಾರ್ಜ್ ದೊರೆ 1822ರಲ್ಲಿ ಟ್ರಫಾಲ್ಗರ್ ಕಾಳಗದ ಚಿತ್ರ ಬೇಕೆಂದು ಅವನಿಗೆ ಒಪ್ಪಿಸಿದ. ಟರ್ನರ್‌ಗೆ ಅರಮನೆಯಿಂದ ಸಿಕ್ಕ ಏಕೈಕ ಕೆಲಸ ಅದು. 1824ರಲ್ಲಿ ಚಿತ್ರ ಸಿದ್ಧವಾಯಿತು. ಅದರಲ್ಲಿ ಅವನು ಕಾಳಗದ ಬೇರೆ ಬೇರೆ ಗಳಿಗೆಗಳನ್ನು ಒಟ್ಟಿಗೆ ಸೇರಿಸಿದ್ದ. ಯುದ್ಧಕ್ಕೆ ಮುಂಚೆ ಹಾರಿಸಿದ ಸಂಕೇತ ಬಾವುಟಗಳೂ, ಮಧ್ಯಾಹ್ನದ ಮೇಲೆ ಮುರಿದುಬಿದ್ದ ಕೂವೆಮರವೂ ಒಂದೇ ಚಿತ್ರದಲ್ಲಿದ್ದವು. ನೌಕಾಪಡೆಯ ಅಧಿಕಾರಿಗಳು ಬಂದು ನೋಡಿ, ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ತಪ್ಪು ಹುಡುಕಿದರು. ಟರ್ನರ್ ದಿನಗಟ್ಟಲೆ ಅರಮನೆಯಲ್ಲೇ ನಿಂತು ತಿದ್ದಿದ. ಆದರೂ 1829ರಲ್ಲಿ ದೊರೆ ಆ ಚಿತ್ರವನ್ನು ಗ್ರೀನಿಚ್‌ಗೆ ಸಾಗಹಾಕಿದ. ಕಲೆಯ ದೃಷ್ಟಿಯಿಂದ ಇಂದು ಅದು ಅಮೂಲ್ಯ. ಹಡಗಿನಲ್ಲಿದ್ದವರಿಗೆ ಮಾತ್ರ ಅದು ಅವರು ಕಂಡ ಹಡಗಾಗಿರಲಿಲ್ಲ. ಚಿತ್ರ ಬರೆಸುವವರು ಮೊದಲೇ ತೀರ್ಮಾನಿಸಬೇಕಾದ ಪ್ರಶ್ನೆ ಇದು: ನಮಗೆ ಬೇಕಾದದ್ದು ಕಡಲಿನ ಕಾವ್ಯವೋ, ಅಪ್ಪನ ಹಡಗೋ?

ಸಿಡ್ನಿ, ಮೆಲ್ಬರ್ನ್, ಕಲ್ಕತ್ತ

ರಾಜರ ಮಾತಾಯಿತು, ಇನ್ನು ನಮ್ಮ ಊರುಗಳಿಗೆ ಬರೋಣ. ಹಾಯಿಹಡಗುಗಳ ಕಾಲದಲ್ಲಿ ಬಂದರಿಗೆ ಹಡಗು ಬಂದರೆ, ಸರಕು ಇಳಿಸಿ ತುಂಬುವಷ್ಟರಲ್ಲಿ ಅದರ ಚಿತ್ರ ಬರೆದು ಕಪ್ತಾನನಿಗೆ ಮಾರುವ ಚಿತ್ರಕಾರರು ದೊಡ್ಡ ಬಂದರುಗಳಲ್ಲೆಲ್ಲ ಇದ್ದರು. ಮೆಲ್ಬರ್ನಿನಲ್ಲಿ ಗ್ರೆಗರಿ ಎಂಬ ಮನೆತನದ್ದೇ ಈ ಕಸುಬು. ಚಿನ್ನದ ಗಣಿಗಳ ಕಾಲದಲ್ಲಿ ಇಲ್ಲಿಗೆ ಬಂದ ಜಾರ್ಜ್ ಫ್ರೆಡ್ರಿಕ್ ಗ್ರೆಗರಿಯಿಂದ ಮೊದಲಾಗಿ, ಇಪ್ಪತ್ತನೇ ಶತಮಾನದವರೆಗೆ ಬದುಕಿದ್ದ ಮಗ ಆರ್ಥರ್ ವಿಕ್ಟರ್ ಗ್ರೆಗರಿಯವರೆಗೆ (1867–1957) ತಂದೆ ಮಕ್ಕಳು ಹಡಗುಗಳನ್ನು ಬರೆದರು. ಸಿಡ್ನಿಯಲ್ಲಿ ರೆಜಿನಾಲ್ಡ್ ಬಾರ್ಸ್ಟಲ್ (1875–1922) ಹಡಗಿನ ಕಪ್ತಾನರಿಗೂ ಸಿಬ್ಬಂದಿಗೂ ಇಂಥ ಚಿತ್ರಗಳನ್ನು ಬರೆದುಕೊಡುತ್ತಿದ್ದ. ಲಿವರ್‌ಪೂಲಿನಲ್ಲಿ ಹುಟ್ಟಿ, ಸ್ವತಃ ಹಾಯಿಹಡಗುಗಳಲ್ಲಿ ದುಡಿದು ಸಿಡ್ನಿಗೆ ಬಂದು ನೆಲೆಸಿದ ಜಾನ್ ಆಲ್‌ಕಾಟ್ (1888–1973) ಹಗ್ಗ ಹಿಡಿದ ಕೈಯಲ್ಲೇ ಕುಂಚ ಹಿಡಿದವನು. 1788ರ ಜನವರಿಯಲ್ಲಿ ಸಿಡ್ನಿ ಕೋವ್‌ನಲ್ಲಿ ಲಂಗರು ಹಾಕಿದ ಮೊದಲ ಹಡಗುಪಡೆಯ ಚಿತ್ರವನ್ನು ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲಿ ನೋಡಿರಬಹುದು. ಅದು ಆಲ್‌ಕಾಟ್ 1937ರಲ್ಲಿ ಬರೆದದ್ದು. ಘಟನೆ ನಡೆದು ಸುಮಾರು 150 ವರ್ಷಗಳ ನಂತರ! ಅಂದರೆ ಕಣ್ಣಾರೆ ಕಾಣದ ಹಡಗನ್ನೂ ದಾಖಲೆಗಳಿಂದ ಕಟ್ಟಬಹುದು. ಈ ಮಾತು ನಮಗೆ ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲೂ ಈ ಕಸುಬು ಇತ್ತು. ಕಲ್ಕತ್ತದಲ್ಲಿ ಲಾಯ್ ಫಾಂಗ್ ಎಂಬ ಚೀನೀ ಚಿತ್ರಕಾರ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಹೂಗ್ಲಿಗೆ ಬಂದ ಹಡಗುಗಳ ಚಿತ್ರ ಬರೆದು, ತನ್ನ ಹೆಸರಿನ ಜೊತೆಗೆ ಕಲ್ಕತ್ತದ ಹೆಸರನ್ನೂ ಹಾಕುತ್ತಿದ್ದ. ಅವನ ಚಿತ್ರಗಳು ಇಂದು ಪರದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ, ಹರಾಜುಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಈ ಚಿತ್ರಗಳನ್ನು ಬರೆಸಿದವರು ಯಾರು? ಹೆಚ್ಚಾಗಿ ಮಾಲೀಕರು, ಕಪ್ತಾನರು, ಅಧಿಕಾರಿಗಳು. ಕೈಯಲ್ಲಿ ನಾಲ್ಕು ಕಾಸಿದ್ದ ಯುರೋಪಿಯನ್ ನಾವಿಕರು. ಅದೇ ಹಡಗುಗಳಲ್ಲಿ ಕೆಳಗೆ ಕಲ್ಲಿದ್ದಲು ತುಂಬಿದವರು, ಮೇಲೆ ಹಗ್ಗ ಎಳೆದವರು, ಅಡುಗೆ ಮಾಡಿದವರು ಬಹಳ ಕಡೆ ನಮ್ಮವರು. 'ಲಷ್ಕರ್' ಎಂದು ಅವರನ್ನು ಕರೆಯುತ್ತಿದ್ದರು. ಯುರೋಪಿಯನ್ ನಾವಿಕರಿಗಿಂತ ಬಹಳ ಕಡಿಮೆ ಸಂಬಳ ಅವರದು. ಚಿತ್ರ ಬರೆಸುವುದು ದೂರದ ಮಾತು.

ಅವರು ಎಷ್ಟರ ಮಟ್ಟಿಗೆ ಅಳಿಸಿಹೋದರು ಎಂಬುದಕ್ಕೆ ಒಂದು ಉದಾಹರಣೆ. 1796ರಲ್ಲಿ ಕಲ್ಕತ್ತದಿಂದ ಸಿಡ್ನಿಗೆ ಹೊರಟ 'ಸಿಡ್ನಿ ಕೋವ್' ಎಂಬ ಹಡಗು 1797ರ ಫೆಬ್ರವರಿಯಲ್ಲಿ ಟಾಸ್ಮೇನಿಯಾದ ಉತ್ತರಕ್ಕಿರುವ ದ್ವೀಪವೊಂದರಲ್ಲಿ ನೆಲ ಹತ್ತಿತು. ಸಹಾಯ ತರಲು 17 ಜನ ಸಣ್ಣ ದೋಣಿಯಲ್ಲಿ ಹೊರಟರು. ಅದೂ ಈಗಿನ ವಿಕ್ಟೋರಿಯಾದ ಕರಾವಳಿಯಲ್ಲಿ ಒಡೆಯಿತು. ಅಲ್ಲಿಂದ ಸಿಡ್ನಿಗೆ ಅವರು ಕಾಲ್ನಡಿಗೆಯಲ್ಲೇ ಹೊರಟರು. ಹದಿನೇಳರಲ್ಲಿ ಹನ್ನೆರಡು ಜನ ಲಷ್ಕರರು. ಕೊನೆಗೆ ಬದುಕಿ ತಲುಪಿದವರು ಮೂವರು, ಅವರಲ್ಲಿ ಒಬ್ಬ ಲಷ್ಕರ್. ಇಂದು ನಾವು ಒಂದು ದಿನದಲ್ಲಿ ಕಾರಿನಲ್ಲಿ ಮುಗಿಸುವ ಮೆಲ್ಬರ್ನ್–ಸಿಡ್ನಿ ಹಾದಿಯ ಬಹುಪಾಲನ್ನು ಮೊದಲು ನಡೆದ ಪರದೇಶಿಗಳಲ್ಲಿ ಭಾರತೀಯರೇ ಹೆಚ್ಚು! ಮುಳುಗಿದ ಹಡಗಿನ ಅವಶೇಷ 1977ರಲ್ಲಿ ಸಿಕ್ಕಿತು. ಆದರೆ ಆ ಹಡಗಿನಲ್ಲಿ ಬಂದ ಆ ಜನರ ಮುಖ ಹೇಗಿತ್ತೋ ಹೇಳುವ ಒಂದು ಗೆರೆಯೂ ಉಳಿದಿಲ್ಲ.

ಹಡಗಿಗೂ ವಯಸ್ಸುಂಟು

ಚಿತ್ರ ಬರೆಸಲು ಹೊರಟವರು ಚಿತ್ರಕಾರನಿಗೆ ಹಡಗಿನ ಹೆಸರು ಹೇಳಿದರೆ ಸಾಲದು. ಯಾವ ವರ್ಷದ ಹಡಗು ಎಂದು ಹೇಳಬೇಕು. ಅಜ್ಜಿಯ ಭಾವಚಿತ್ರ ಬೇಕು ಎಂದರೆ ಹದಿನೆಂಟರ ಅಜ್ಜಿಯೋ ಎಂಬತ್ತರ ಅಜ್ಜಿಯೋ ಎಂದು ಕೇಳುವುದಿಲ್ಲವೇ, ಹಾಗೆ.

ಪಿ ಅಂಡ್ ಓ ಕಂಪನಿಯ 'ಸ್ಟ್ರಾತ್‌ನೇವರ್' (1931), 'ಸ್ಟ್ರಾತೇರ್ಡ್' (1932) ಹಡಗುಗಳನ್ನು ತೆಗೆದುಕೊಳ್ಳಿ. ಲಂಡನ್ನಿನಿಂದ ಹೊರಟು ಬೊಂಬಾಯಿ, ಕೊಲಂಬೊ ಮುಟ್ಟಿ ಫ್ರೀಮ್ಯಾಂಟಲ್, ಮೆಲ್ಬರ್ನ್, ಸಿಡ್ನಿಗೆ ಬರುತ್ತಿದ್ದ ಬಿಳಿಯ ಮೈಯ ಹಡಗುಗಳಿವು. ಕಟ್ಟಿದಾಗ ಮೂರು ಹೊಗೆಕೊಳವೆಗಳಿದ್ದವು. ಅವುಗಳಲ್ಲಿ ನಡುವಿನದು ಮಾತ್ರ ಅಸಲಿ. ಹಿಂದು ಮುಂದಿನವು ಬರೀ ಶೋಭೆಗೆ! ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸಿ ಬಂದ ಮೇಲೆ ರಿಪೇರಿಯಲ್ಲಿ ಆ ಎರಡು ಹುಸಿ ಕೊಳವೆಗಳನ್ನು ತೆಗೆದುಹಾಕಿದರು. 1950ರ ದಶಕದಲ್ಲಿ ಬೊಂಬಾಯಿಯಿಂದ ಈ ಹಡಗು ಹತ್ತಿದವರಿಗೆ ಮೂರು ಕೊಳವೆಯ ಚಿತ್ರ ಕೊಟ್ಟರೆ ಅದು ಅವರ ಹಡಗಲ್ಲ, ಅದರ ಬಾಲ್ಯ. ಎರಡೂ 1960ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗಿನಲ್ಲಿ ಗುಜರಿಗೆ ಹೋದವು.

ನಮ್ಮ ನಾಡಿನ ಹೆಸರು ಹೊತ್ತ 'ಐಎನ್‌ಎಸ್ ಮೈಸೂರು' ಇನ್ನೂ ಒಳ್ಳೆಯ ಉದಾಹರಣೆ. ಅದು ಮೊದಲು ಬ್ರಿಟಿಷರ 'ನೈಜೀರಿಯಾ' ಎಂಬ ಕ್ರೂಸರ್. 1940ರಲ್ಲಿ ಸೇವೆಗೆ ಬಂದಾಗ ಆರು ಅಂಗುಲದ 12 ತೋಪುಗಳಿದ್ದವು. ಭಾರತ ಅದನ್ನು ಕೊಂಡು, ದೊಡ್ಡ ರಿಪೇರಿ ಮಾಡಿಸಿ, 1957ರಲ್ಲಿ ಮೈಸೂರು ಎಂದು ನಾಮಕರಣ ಮಾಡಿದಾಗ ಉಳಿದದ್ದು 9 ತೋಪು. ಲಾಂಛನದಲ್ಲಿ ನಮ್ಮ ಗಂಡಭೇರುಂಡ ಬಂದು ಕೂತಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಪಡೆಯ ಮುಂದಾಳು ಹಡಗಾಗಿದ್ದು, 1985ರಲ್ಲಿ ನಿವೃತ್ತಿಯಾಯಿತು. ಇದೇ ಹೆಸರಿನ ಎರಡನೇ ಹಡಗು 1999ರಲ್ಲಿ ಬಂತು. ಅದು ಪೂರ್ತಿ ಬೇರೆಯೇ ಆಕಾರದ ಕ್ಷಿಪಣಿ ಹಡಗು. ಈಗ ನೋಡಿ, 'ಮೈಸೂರು ಹಡಗಿನ ಚಿತ್ರ ಬೇಕು' ಎಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಮೊದಲ ಫೋಟೋ ಕೊಟ್ಟರೆ, 1971ರಲ್ಲಿ ಹಳೆಯ ಹಡಗಿನಲ್ಲಿ ದುಡಿದ ದೊಡ್ಡಪ್ಪನಿಗೆ ಸಿಗುವುದು ಬೇರೆ ಯಾರದೋ ಹಡಗು.

ಬಾವುಟವೂ ಹಾಗೆಯೇ. 1971ರ ಭಾರತೀಯ ಯುದ್ಧನೌಕೆಯ ಬಿಳಿ ಬಾವುಟದ ಮೇಲೆ ಕೆಂಪು ಶಿಲುಬೆಯ ಗೆರೆಗಳಿದ್ದವು, ಮೂಲೆಯಲ್ಲಿ ತ್ರಿವರ್ಣ. ಆ ಶಿಲುಬೆಯನ್ನು ಕೊನೆಯದಾಗಿ ಕೈಬಿಟ್ಟದ್ದು 2022ರಲ್ಲಿ. ಭಾರತದ ವ್ಯಾಪಾರಿ ಹಡಗಾದರೆ ಕೆಂಪು ಬಾವುಟ, ಮೂಲೆಯಲ್ಲಿ ತ್ರಿವರ್ಣ. ಬೆರಳಗಲದ ಈ ಬಾವುಟ ತಪ್ಪಾದರೆ ಮೂರಡಿ ಚಿತ್ರವೆಲ್ಲ ಸುಳ್ಳಾದಂತೆ.

ಸಾಕ್ಷಿ ಎಲ್ಲಿ ಸಿಗುತ್ತದೆ?

ಮೊದಲ ಸಾಕ್ಷಿ ಮನೆಯಲ್ಲೇ ಇರುತ್ತದೆ. ಹಡಗಿನಲ್ಲಿ ದುಡಿದವರ ಬಳಿ 'ಸಿ.ಡಿ.ಸಿ.' ಎಂಬ ಪುಸ್ತಕ ಇರುತ್ತದೆ. ಯಾವ ಹಡಗಿಗೆ ಯಾವ ದಿನ ಹತ್ತಿದರು, ಯಾವ ದಿನ ಇಳಿದರು ಎಂದು ಮೊಹರಿನ ಸಮೇತ ಅದರಲ್ಲಿ ದಾಖಲಾಗಿರುತ್ತದೆ. ಚಿತ್ರಕಾರನಿಗೆ ಬೇಕಾದ ತಾರೀಖು ಅದೇ. ಊರಿನ ಮನೆಯ ಅಟ್ಟದ ಟ್ರಂಕಿನಲ್ಲಿರುವ ಆ ಪುಸ್ತಕವನ್ನು ಹಳೆ ಕಾಗದದ ಜೊತೆ ಮಾರಿಬಿಡಬೇಡಿ.

ಎರಡನೆಯದು ಫೋಟೋ. ಆಸ್ಟ್ರೇಲಿಯಾಕ್ಕೆ ಬಂದ ಹಡಗುಗಳ ವಿಷಯದಲ್ಲಿ ನಾವು ಅದೃಷ್ಟವಂತರು. ಮೆಲ್ಬರ್ನಿನ ಅಲನ್ ಗ್ರೀನ್ (1878–1954) ತೆಗೆದ ಹಡಗಿನ ಫೋಟೋಗಳು ವಿಕ್ಟೋರಿಯಾ ರಾಜ್ಯ ಗ್ರಂಥಾಲಯದಲ್ಲಿವೆ. ಸಿಡ್ನಿಯ ಸ್ಯಾಮ್ ಹುಡ್ (1872–1953) ತೆಗೆದವು ಡಾರ್ಲಿಂಗ್ ಹಾರ್ಬರಿನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿವೆ. ಎರಡನ್ನೂ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಹುಡುಕಬಹುದು. ಕುತೂಹಲದ ಸಂಗತಿ ಎಂದರೆ, ಬಂದರಿನ ಚಿತ್ರಕಾರರ ಹೊಟ್ಟೆಯ ಮೇಲೆ ಹೊಡೆದದ್ದು ಇದೇ ಫೋಟೋಗ್ರಫಿ. ಇಂದು ಅದೇ ಫೋಟೋ ಚಿತ್ರಕಾರರಿಗೆ ಆಧಾರ. ಹಡಗು ಬಂದ ದಿನ, ಹೊರಟ ದಿನ ಬೇಕಿದ್ದರೆ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ತಾಣದಲ್ಲಿ ಹಳೆಯ ಪತ್ರಿಕೆಗಳ ಬಂದರು ಸುದ್ದಿ ಇದೆ; ಪ್ರಯಾಣಿಕರ ಪಟ್ಟಿಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಫೋಟೋ ಕಪ್ಪು ಬಿಳುಪು. ಬಣ್ಣ, ಎತ್ತರ, ಕಬ್ಬಿಣದ ಹಲಗೆಗಳ ಜೋಡಣೆ ತಿಳಿಯುವುದು ಹೇಗೆ? ಮೂರನೇ ದಾರಿ, ಅದೇ ತಾಯಿಯ ಇನ್ನೊಂದು ಮಗುವನ್ನು ನೋಡುವುದು. ಎರಡನೇ ಮಹಾಯುದ್ಧದಲ್ಲಿ ಭಾರತದ ನೌಕಾಪಡೆಗಾಗಿ ನಾಲ್ಕು 'ಬ್ಯಾಥರ್ಸ್ಟ್' ಮಾದರಿ ಹಡಗುಗಳು ಸಿಡ್ನಿಯ ಗೋದಿಗಳಲ್ಲಿ ತಯಾರಾದವು: ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್. ಇವುಗಳಲ್ಲಿ ಕಾಕಟೂ ದ್ವೀಪದಲ್ಲಿ ಕಟ್ಟಿದ 'ಬೆಂಗಾಲ್' ಸೇವೆಗೆ ಬಂದದ್ದು 1942ರಲ್ಲಿ. ಅದೇ ವರ್ಷ ನವೆಂಬರ್ 11ರಂದು ಹಿಂದೂ ಮಹಾಸಾಗರದಲ್ಲಿ, 'ಓಂಡಿನಾ' ಎಂಬ ಡಚ್ ತೈಲ ಹಡಗಿಗೆ ಕಾವಲಾಗಿ ಹೊರಟಿದ್ದಾಗ, ತನಗಿಂತ ಎಷ್ಟೋ ದೊಡ್ಡದಾದ ಎರಡು ಜಪಾನಿ ಹಡಗುಗಳು ಎದುರಾದವು. ಸಣ್ಣ ಬೆಂಗಾಲ್ ಓಡಿಹೋಗದೆ ಎದುರು ನಿಂತಿತು. ಜಪಾನಿ ಹಡಗುಗಳಲ್ಲಿ ಒಂದು ಮುಳುಗಿತು; ಬೆಂಗಾಲ್, ಓಂಡಿನಾ ಎರಡೂ ಉಳಿದವು. ಬೆಂಗಾಲ್ 1960ರಲ್ಲಿ ಸೇವೆಯಿಂದ ಹೊರಬಿತ್ತು. ಆದರೆ ಅದರ ಸೋದರಿ 'ಕ್ಯಾಸಲ್‌ಮೇನ್' ಮೆಲ್ಬರ್ನಿನ ವಿಲಿಯಮ್ಸ್‌ಟೌನ್ ದಕ್ಕೆಯಲ್ಲಿ 1970ರ ದಶಕದಿಂದ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಬೆಂಗಾಲ್‌ನ ಚಿತ್ರ ಬರೆಯುವವರು ಅಲ್ಲಿ ಹೋಗಿ ಮೆಟ್ಟಿಲು ಎಣಿಸಬಹುದು, ಕಿಟಕಿ ಅಳೆಯಬಹುದು. ಒಂದು ಎಚ್ಚರಿಕೆ ಮಾತ್ರ: ಅಕ್ಕತಂಗಿಯರಾದರೂ ತೊಟ್ಟ ಒಡವೆ ಬೇರೆ ಇರಬಹುದು. ತೋಪು, ದೋಣಿ, ಬಣ್ಣ ಇವನ್ನು ಆಯಾ ಹಡಗಿನ ಫೋಟೋದೊಂದಿಗೆ ಹೋಲಿಸಿಯೇ ಬರೆಯಬೇಕು.

ಹಾಯಿಹಡಗಿನ ಹಗ್ಗದ ಲೆಕ್ಕ ತಿಳಿಯಬೇಕಾದರೆ ಸಿಡ್ನಿಯಲ್ಲಿ 1874ರ 'ಜೇಮ್ಸ್ ಕ್ರೇಗ್' ಇದೆ, ಮೆಲ್ಬರ್ನಿನಲ್ಲಿ 1885ರ 'ಪಾಲಿ ವುಡ್‌ಸೈಡ್' ಇದೆ. ದಿ ಪಾಂಡ್ಸ್ ಕಡೆಯವರಿಗೆ ಈಗ ಇದು ದೂರವೇನಲ್ಲ. 2024ರಲ್ಲಿ ಮೆಟ್ರೋ ನಗರದೊಳಕ್ಕೆ ಬಂದ ಮೇಲೆ ತಲ್ಲವಾಂಗ್‌ನಲ್ಲಿ ಹತ್ತಿ ಬಾರಂಗರೂನಲ್ಲಿ ಇಳಿದರೆ, ಕಡಲ ವಸ್ತುಸಂಗ್ರಹಾಲಯಕ್ಕೆ ದಡದ ಪಕ್ಕದಲ್ಲೇ ನಡೆದು ಹೋಗಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಬರೆಸುವ ಕ್ರಮ

ಚಿತ್ರಕಾರರನ್ನು ಹುಡುಕುವುದು ಮೊದಲ ಹೆಜ್ಜೆ. ಆಸ್ಟ್ರೇಲಿಯಾದಲ್ಲಿ ಕಡಲ ಚಿತ್ರಕಾರರದೇ ಒಂದು ಸಂಘ ಇದೆ. ಮೆಲ್ಬರ್ನಿನ ಫ್ಲಿಂಡರ್ಸ್ ಸ್ಟ್ರೀಟಿನಲ್ಲಿರುವ ನಾವಿಕರ ಮಿಷನ್ ಕಡಲ ಚಿತ್ರಗಳ ಸ್ಪರ್ಧೆ, ಪ್ರದರ್ಶನಗಳನ್ನು ನಡೆಸಿಕೊಂಡು ಬಂದಿದೆ. ಇಂಥ ಕಡೆ ಹೋಗಿ ನೋಡಿ. ಅಲೆಯನ್ನು ಚೆನ್ನಾಗಿ ಬರೆಯುವವರೆಲ್ಲ ಹಡಗನ್ನು ಚೆನ್ನಾಗಿ ಬರೆಯುತ್ತಾರೆ ಎಂದೇನಿಲ್ಲ. ಹಿಂದೆ ಬರೆದ ಹಡಗಿನ ಚಿತ್ರಗಳನ್ನು ತೋರಿಸಿ ಎಂದು ಕೇಳಿ. ಸಾಧ್ಯವಾದರೆ ಅದೇ ಹಡಗಿನ ಫೋಟೋ ಪಕ್ಕದಲ್ಲಿಟ್ಟು ನೋಡಿ.

ಎರಡನೆಯದು, ಒಂದು ಪುಟದ ಟಿಪ್ಪಣಿ. ಹಡಗಿನ ಹೆಸರು, ವರ್ಷ, ಸ್ಥಳ, ಯಾವ ಮಗ್ಗುಲಿನಿಂದ ಕಾಣಬೇಕು, ಬೆಳಿಗ್ಗೆಯೋ ಸಂಜೆಯೋ, ಕಡಲು ಶಾಂತವೋ ಮುಂಗಾರಿನದೋ. ಸರಕು ತುಂಬಿತ್ತೋ ಖಾಲಿಯೋ ಎಂಬುದನ್ನೂ ಹೇಳಬೇಕು. ಪಣಂಬೂರಿನಲ್ಲಿ ಕುದುರೆಮುಖದ ಅದಿರು ತುಂಬಿಕೊಂಡು ಹೊರಟ ಹಡಗು ನೀರಿನಲ್ಲಿ ಆಳವಾಗಿ ಕೂತಿರುತ್ತದೆ. ಖಾಲಿ ಬಂದದ್ದು ಎತ್ತರಕ್ಕೆದ್ದು, ಕೆಳಗಿನ ಕೆಂಪು ಬಣ್ಣ ಕಾಣಿಸುತ್ತಿರುತ್ತದೆ. ನೋಡಿದವರಿಗೆ ಇದು ಸಣ್ಣ ಸಂಗತಿಯಲ್ಲ.

ಮೂರನೆಯದು, ಪೆನ್ಸಿಲ್ ನಕ್ಷೆ. ಬಣ್ಣ ಹಚ್ಚುವ ಮುಂಚೆ ಅದನ್ನು ತರಿಸಿಕೊಂಡು, ಹಡಗಿನಲ್ಲಿದ್ದವರಿಗೇ ತೋರಿಸಬೇಕು. ಕಳಿಸಿದವರಿಗೆ 'ಚೆನ್ನಾಗಿದೆ' ಎಂದು ಉತ್ತರಿಸಿ ಮುಗಿಸಬೇಡಿ. ಹಿರಿಯರು ಕನ್ನಡಕ ಹಾಕಿಕೊಂಡು 'ಆ ದೋಣಿ ಅಲ್ಲಿರಲಿಲ್ಲ ಮಾರಾಯ, ಇನ್ನೂ ಹಿಂದಕ್ಕೆ' ಎನ್ನುತ್ತಾರಲ್ಲ, ಆ ಮಾತಿಗಾಗಿಯೇ ನಕ್ಷೆ ಇರುವುದು. ಹೊಗೆ ಒಂದು ಕಡೆಗೆ ಹೋಗಿ ಬಾವುಟ ಇನ್ನೊಂದು ಕಡೆಗೆ ಹಾರಿದರೆ, ನಿಧಾನ ಹೋಗುವ ಹಡಗಿನ ಮೂತಿಯಲ್ಲಿ ದೊಡ್ಡ ನೊರೆ ಎದ್ದರೆ, ಅವರೇ ಮೊದಲು ನಗುವವರು. ಪೆನ್ಸಿಲ್ಲಿನಲ್ಲಿ ತಿದ್ದುವುದು ಸುಲಭ, ಬಣ್ಣದಲ್ಲಿ ಕಷ್ಟ.

ನಾಲ್ಕನೆಯದು ತಾಳ್ಮೆ. ತೈಲವರ್ಣ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಒಣಗಲು ತಿಂಗಳುಗಳು ಬೇಕು. ವಾರ್ನಿಷ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯುವುದು ವಾಡಿಕೆ. ಅಪ್ಪನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಬೇಕಾದರೆ ಎಪ್ಪತ್ನಾಲ್ಕರಲ್ಲೇ ಹೇಳಿಡಿ.

ದುಡ್ಡು, ಕಾಗದ, ಹಕ್ಕು

ಅಳತೆ, ವಿವರ, ಚಿತ್ರಕಾರರ ಹೆಸರು ಇವುಗಳ ಮೇಲೆ ಬೆಲೆ ನಿಲ್ಲುತ್ತದೆ. ಒಂದು ಭಾಗ ಮುಂಗಡ, ನಕ್ಷೆ ಒಪ್ಪಿದ ಮೇಲೆ ಇಷ್ಟು, ಕೈಗೆ ಬಂದ ಮೇಲೆ ಉಳಿದದ್ದು ಎಂದು ಬರವಣಿಗೆಯಲ್ಲಿ ಇರಲಿ. ಚೌಕಟ್ಟು, ಸಾಗಣೆ, ವಿಮೆ ಯಾರದ್ದು, ಎಷ್ಟು ಸಲ ತಿದ್ದಿಕೊಡುತ್ತಾರೆ ಎಂಬುದನ್ನೂ ಬರೆದಿಡಿ. ಪರಿಚಯದವರಾದರೆ ಇನ್ನೂ ಚೆನ್ನಾಗಿ ಬರೆದಿಡಿ!

ನಮ್ಮವರು ಎಡವುವ ಒಂದು ಜಾಗ ಹಕ್ಕುಸ್ವಾಮ್ಯ. ದುಡ್ಡು ಕೊಟ್ಟು ಬರೆಸಿದ ಚಿತ್ರ ನಮ್ಮದು, ಸಂಘದ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಹಾಕೋಣ ಎಂದುಕೊಳ್ಳುತ್ತೇವೆ. ಭಾರತದ 1957ರ ಕಾನೂನಿನಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ಚಿತ್ರ ಬರೆಸಿದವರೇ ಹಕ್ಕಿನ ಮೊದಲ ಒಡೆಯರು. ಆಸ್ಟ್ರೇಲಿಯಾದ 1968ರ ಕಾನೂನು ಹಾಗಲ್ಲ. ಮನುಷ್ಯರ ಭಾವಚಿತ್ರ ಬರೆಸಿದವರಿಗೆ ಹಕ್ಕು ಬರುತ್ತದೆ. ಹಡಗಿನ ಚಿತ್ರದಂಥವುಗಳ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಚಿತ್ರಕಾರರಲ್ಲೇ ಉಳಿಯುತ್ತದೆ. ಗೋಡೆಗೆ ಹಾಕಬಹುದು, ಮೊಮ್ಮಗಳಿಗೆ ಕೊಡಬಹುದು. ಅಚ್ಚು ಹಾಕಲು ಅಪ್ಪಣೆ ಬೇಕು. ಮೊದಲೇ ಒಂದು ಸಾಲು ಬರೆಸಿಕೊಂಡರೆ ಮುಗಿಯಿತು. ಬೇರೆಯವರು ತೆಗೆದ ಫೋಟೋ ನೋಡಿ ಬರೆಸುವಾಗಲೂ ಇದೇ ಎಚ್ಚರ ಇರಲಿ. ಆಸ್ಟ್ರೇಲಿಯಾದಲ್ಲಿ 1955ಕ್ಕಿಂತ ಮುಂಚೆ ತೆಗೆದ ಫೋಟೋಗಳ ಹಕ್ಕಿನ ಅವಧಿ ಮುಗಿದಿದೆ, ಆಮೇಲಿನವುಗಳಿಗೆ ಕೇಳಬೇಕು.

'ಇಷ್ಟೆಲ್ಲ ಯಾಕೆ, ಕಂಪ್ಯೂಟರಿಗೆ ಹೇಳಿದರೆ ಅರೆನಿಮಿಷದಲ್ಲಿ ಹಡಗಿನ ಚಿತ್ರ ಕೊಡುತ್ತದಲ್ಲ' ಎನ್ನಬಹುದು ಮಕ್ಕಳು. ಕೊಡುತ್ತದೆ, ನಿಜ. ಅದು ಎಲ್ಲ ಹಡಗುಗಳನ್ನೂ ಹೋಲುವ, ಯಾವ ಹಡಗೂ ಅಲ್ಲದ ಚಿತ್ರ. ಕಿಟಕಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಫೋಟೋವನ್ನು ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿ, ಮೇಲೆ ನಾಲ್ಕು ಗೆರೆ ಕುಂಚ ಆಡಿಸಿ 'ಕೈಬರಹದ ಚಿತ್ರ' ಎಂದು ಮಾರುವವರೂ ಇದ್ದಾರೆ. ಅಚ್ಚಿನ ಚಿತ್ರ ಬೇಕಾದರೆ ಅಚ್ಚಿನ ಬೆಲೆಗೆ ಕೊಳ್ಳಿ, ತಪ್ಪಿಲ್ಲ. ಮೂಲ ಚಿತ್ರಕ್ಕೆ ಕೊಡುವ ದುಡ್ಡು ಬಣ್ಣಕ್ಕೆ ಮಾತ್ರವಲ್ಲ. ಒಬ್ಬ ಮನುಷ್ಯ ನಿಮ್ಮ ಅಪ್ಪನ ಹಡಗನ್ನು ತಿಂಗಳುಗಟ್ಟಲೆ ಗಮನವಿಟ್ಟು ನೋಡಿದ್ದಕ್ಕೆ ಕೊಡುವ ದುಡ್ಡು ಅದು.

ಕೇಳಬೇಕಾದ ಕಾಲ ಇದೇ

ಹಡಗುಗಳಿಗೆ ಸಮಾಧಿ ಇಲ್ಲ. ಹೆಚ್ಚಿನವು ಗುಜರಾತಿನ ಅಲಂಗ್‌ನಂಥ ದಡಕ್ಕೆ ಬಂದು, ಹಾಳೆ ಹಾಳೆಯಾಗಿ ಕತ್ತರಿಸಿಕೊಂಡು, ಕಬ್ಬಿಣದ ಸರಳಾಗಿ ಯಾರ ಮನೆಯ ತಾರಸಿಯೊಳಗೋ ಸೇರಿಹೋಗುತ್ತವೆ. 1961ರಲ್ಲಿ ಸ್ಥಾಪನೆಯಾದ ಭಾರತದ ಶಿಪ್ಪಿಂಗ್ ಕಾರ್ಪೊರೇಷನ್ನಿನ ಆರಂಭದ ದಿನಗಳಲ್ಲಿ ಇಪ್ಪತ್ತರ ಹರೆಯದಲ್ಲಿ ಸೇರಿದವರಿಗೆ ಈಗ ಎಂಬತ್ತು ದಾಟಿದೆ. ಹಡಗು ಹೋಯಿತು. ಅದರ ಬಣ್ಣ ಯಾವುದು, ಊಟದ ಗಂಟೆ ಎಲ್ಲಿ ತೂಗುತ್ತಿತ್ತು, ಬಿರುಗಾಳಿಯಲ್ಲಿ ಯಾವ ಕಡೆ ವಾಲುತ್ತಿತ್ತು ಎಂದು ಹೇಳಬಲ್ಲವರು ಇನ್ನೂ ಕೆಲವರು ಇದ್ದಾರೆ. ಚಿತ್ರಕಾರರನ್ನು ಮುಂದಿನ ವರ್ಷವೂ ಹುಡುಕಬಹುದು. ಪೆನ್ಸಿಲ್ ನಕ್ಷೆ ನೋಡಿ ತಪ್ಪು ಹೇಳುವವರನ್ನು ಹುಡುಕಲಾಗುವುದಿಲ್ಲ.

ದೊಡ್ಡ ಹಡಗೇ ಆಗಬೇಕೆಂದಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಇಟ್ಟಿಗೆ ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುವ ಮರದ ಮಂಜಿಗಳಿಗೂ ಒಂದು ಭಾವಚಿತ್ರ ಬೇಡವೇ? ಅವುಗಳ ಫೋಟೋ ಸಿಗುತ್ತವೆ. ಹೆಸರು ಹಿಡಿದು, ಇಂಥ ಮಂಜಿ, ಇಂಥ ತಂಡೇಲ, ಇಂಥ ವರ್ಷ ಎಂದು ಬರೆಸಿದ ಚಿತ್ರ ಎಲ್ಲಿದೆ? ಒಬ್ಬರಿಗೆ ಖರ್ಚು ಹೆಚ್ಚಾದರೆ ನಾಲ್ಕು ಮನೆಯವರು ಸೇರಬಹುದು. ಸಂಘವೇ ವರ್ಷಕ್ಕೊಂದು ಚಿತ್ರ ಬರೆಸಬಹುದು, ಹಕ್ಕಿನ ಕಾಗದವನ್ನೂ ಸೇರಿಸಿ!

ಈ ಹಬ್ಬದ ಊಟ ಮುಗಿದ ಮೇಲೆ ಊರಿಗೆ ಫೋನು ಮಾಡುತ್ತೀರಲ್ಲ, ಆಗ ಆರೋಗ್ಯ, ಮಳೆ, ಬೆಳೆ ವಿಚಾರಿಸಿ ಮುಗಿದ ಬಳಿಕ ಇನ್ನೊಂದು ಪ್ರಶ್ನೆ ಕೇಳಿ: 'ಅಪ್ಪಾ, ನೀವು ಮೊದಲು ಹತ್ತಿದ ಹಡಗಿನ ಹೆಸರೇನು? ಅದಕ್ಕೆ ಯಾವ ಬಣ್ಣ ಹಚ್ಚಿದ್ದರು?' ಪಕ್ಕದಲ್ಲಿ ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡಿರಿ. ಫೋನು ಬೇಗ ಮುಗಿಯುವುದಿಲ್ಲ.